ಟವಲ್ ಹಾಕಿದ ಸೀಟು

ನಮ್ಮ ಮಾವ ಶಿವಮಲ್ಲಪ್ಪನವರ ರೆಕ್ಸಿನ್ ಬ್ಯಾಗಿನ ಮೇಲೆ ನನಗೆ ಮೊದಲಿನಿಂದಲೂ ಕೋಪ. ಕಂದು ಬಣ್ಣದ್ದು, ಒಂದು ಹಿಡಿ ಕಿತ್ತುಹೋಗಿ ಚಪ್ಪಲಿ ಹೊಲಿಯುವವನ ಹತ್ತಿರ ಹೊಲಿಸಿದ್ದು. ನಂಜನಗೂಡಿನ ನಮ್ಮ ಮನೆಗೆ ಬಂದ ಕೂಡಲೇ ಅದನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕುತ್ತಿದ್ದರು. ಒಳಗಿನ ಬಟ್ಟೆ ಒಳಗೇ. ಬೆಳಿಗ್ಗೆ ಅದರಿಂದ ಒಂದು ಪಂಚೆ ತೆಗೆದು ಉಡುವುದು, ಒಗೆದು ಒಣಗಿದ್ದನ್ನು ಮಡಿಸಿ ಮತ್ತೆ ಅದರೊಳಕ್ಕೇ ತುರುಕುವುದು. ಬೀರುವಿನಲ್ಲಿ ಅವರಿಗೆಂದೇ ಒಂದು ಶೆಲ್ಫ್ ಖಾಲಿ ಮಾಡಿ, ಪೇಪರ್ ಹಾಸಿ, ನುಸಿಗುಳಿಗೆ ಇಟ್ಟಿದ್ದೆ. ನುಸಿಗುಳಿಗೆ ಕರಗಿ ಕರಗಿ ಸಾಸಿವೆಯಷ್ಟಾಯಿತೇ ಹೊರತು ಮಾವನ ಒಂದು ಕರವಸ್ತ್ರವೂ ಅಲ್ಲಿ ಬಂದು ಕೂರಲಿಲ್ಲ.

ಮಾವ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಸರ್ವೀಸಿನ ಬಹುಪಾಲು ನಂಜನಗೂಡು–ನರಸೀಪುರ ರೂಟಿನಲ್ಲೇ ಸವೆಯಿತು. ಅತ್ತೆ ರುದ್ರಾಣಿಯವರು ತೀರಿಕೊಂಡ ಮೇಲೆ ಬಾಡಿಗೆ ಮನೆ ಖಾಲಿ ಮಾಡಿ, ಪಾತ್ರೆಪಡಗವನ್ನೆಲ್ಲ ಮಗನಿಗೂ ಮಗಳಿಗೂ ಹಂಚಿ, ತಮ್ಮ ಪಾಲಿಗೆ ಈ ಬ್ಯಾಗನ್ನು ಇಟ್ಟುಕೊಂಡರು. ಆಮೇಲೆ ತಮಗೆ ತಾವೇ ಒಂದು ಕಾನೂನು ಮಾಡಿಕೊಂಡರು. ಹುಣ್ಣಿಮೆಯಿಂದ ಅಮಾವಾಸ್ಯೆವರೆಗೆ ನಮ್ಮ ಮನೆ. ಅಮಾವಾಸ್ಯೆ ಕಳೆದ ಬೆಳಿಗ್ಗೆ ಬಸ್ಸು ಹತ್ತಿ ನರಸೀಪುರಕ್ಕೆ, ಮಗಳು ಮಂಗಳಗೌರಿಯ ಮನೆ. ಹುಣ್ಣಿಮೆ ಕಳೆದರೆ ಮತ್ತೆ ಇಲ್ಲಿಗೆ. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದದ್ದು ಹಬ್ಬಕ್ಕಲ್ಲ, ಮಾವ ಯಾವತ್ತು ಎದ್ದು ಹೋಗುತ್ತಾರೆ ಎಂದು ತಿಳಿಯುವುದಕ್ಕೆ.

"ಯಾಕೆ ಮಾವ ಈ ಓಡಾಟ? ಒಂದ್ ಕಡೆ ಇರಬಾರ್ದಾ?" ಎಂದರೆ ನಗುತ್ತಿದ್ದರು.

"ನೆಂಟ ಅಂದ್ರೆ ಮೊಸರಿದ್ದಂಗೆ ಕಣವ್ವ. ಉಳಿ ಬರಾಕ್ ಮುಂಚೆ ಎತ್ಬುಡ್ಬೇಕು."

"ನೀವು ನಮಗೆ ನೆಂಟರಾ?"

"ಬ್ಯಾಗ್ ಇಟ್ಕೊಂಡಿರೋನು ನೆಂಟ್ನಲ್ದೆ ಇನ್ನೇನು?"

ಈ ಮಾತಿಗೆ ನನ್ನ ಗಂಡ ನಂಜುಂಡೇಶ್ ಪೇಪರಿನ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದ. ಅವನು ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸದವನು. ಅಪ್ಪನೆದುರು ಎರಡು ಮಾತು ಕೂಡಿಸಿ ಆಡಿದ್ದನ್ನು ನಾನು ಕಂಡಿಲ್ಲ. ಜಗಳವೇನಿದ್ದರೂ ನನ್ನ ಪಾಲಿನದು. ಅತ್ತ ಮಂಗಳಗೌರಿಯೂ ನನ್ನಂತೆಯೇ. "ಅತ್ತಿಗೆ, ನಿಮ್ಮಲ್ಲಾದ್ರೂ ಸರಿ, ನನ್ನಲ್ಲಾದ್ರೂ ಸರಿ, ಒಂದ್ ಕಡೆ ಕಟ್ಟಾಕಿ ಅಪ್ಪನ್ನ" ಎಂದು ಫೋನಿನಲ್ಲಿ ಗೋಳಿಡುತ್ತಿದ್ದಳು. ಅವಳು ಹಾಗೆನ್ನಲು ಕಾರಣವಿತ್ತು. ಆ ವರ್ಷದ ಮಳೆಗಾಲದಲ್ಲಿ ನರಸೀಪುರದ ಸ್ಟ್ಯಾಂಡಿನಲ್ಲಿ ಇಳಿಯುವಾಗ ಮಾವ ಜಾರಿ ಬಿದ್ದು ಮಂಡಿ ಊದಿಸಿಕೊಂಡಿದ್ದರು. ಬಸ್ಸಿನ ಮೆಟ್ಟಿಲು ಹತ್ತಿಳಿಯುವುದು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದರೆ, "ಮೆಟ್ಲು ನಂಗೆ ಅಮ್ಮನ್ ಮಡ್ಲಿದ್ದಂಗೆ ಸಾ" ಎಂದು ಡಾಕ್ಟರನ್ನೇ ಸಮಾಧಾನ ಮಾಡಿ ಬಂದಿದ್ದರು.

ನನ್ನ ಆಸೆ ದೊಡ್ಡದೇನಲ್ಲ. ಆ ಬ್ಯಾಗು ಒಂದು ಸಲ ಪೂರ್ತಿ ಖಾಲಿಯಾಗಬೇಕು, ಅದರೊಳಗಿನ ಬಟ್ಟೆ ನನ್ನ ಬೀರುವಿನಲ್ಲಿ ಕೂರಬೇಕು. ಅಪ್ಪನಿಲ್ಲದೆ ಬೆಳೆದವಳು ನಾನು. ಮದುವೆಯಾಗಿ ಬಂದ ಮನೆಯಲ್ಲಿ ಸಿಕ್ಕ ಅಪ್ಪ ಹೀಗೆ ಬಾಗಿಲ ಬಳಿಯ ಮೊಳೆಗೆ ನೇತಾಡುತ್ತಿದ್ದರೆ ನನಗೆ ಹೊಟ್ಟೆ ಉರಿಯುತ್ತಿತ್ತು.

ಆಗ ನಾನು ಬಸ್ ಸ್ಟ್ಯಾಂಡಿನ ಎದುರಿನ ಸಾಲಿನಲ್ಲಿ ಬ್ರೌಸಿಂಗ್ ಸೆಂಟರ್ ಇಟ್ಟಿದ್ದೆ. ಎರಡು ಸಾವಿರದ ಆರನೇ ಇಸವಿ. ಊರಿಗೆ ಬ್ರಾಡ್‌ಬ್ಯಾಂಡ್ ಬಂದ ಹೊಸತು. ಕಂಪ್ಯೂಟರುಗಳಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿದ್ದೆ. ಆದರ್ಶಗೀದರ್ಶ ಏನಿಲ್ಲ, ಪುಕ್ಕಟೆ ಸಿಗುತ್ತಿತ್ತು, ವೈರಸ್ಸಿನ ಕಾಟವಿರಲಿಲ್ಲ. ಮೈಸೂರಿನಲ್ಲಿ ಡಿಪ್ಲೊಮಾ ಮಾಡುವಾಗ ಕಲಿತದ್ದು ಸ್ವಲ್ಪ, ಕೆಟ್ಟಾಗ ಬೈದುಕೊಂಡು ಸರಿಮಾಡುತ್ತ ಕಲಿತದ್ದು ಜಾಸ್ತಿ. ಮಾವ ನಂಜನಗೂಡಿನಲ್ಲಿ ಇರುವಷ್ಟು ದಿನ ಬೆಳಗಿನ ತಿಂಡಿ ಮುಗಿಸಿ ಅಂಗಡಿಗೆ ಬಂದು ನಿಲ್ಲುತ್ತಿದ್ದರು. ನಿಲ್ಲುವುದೇ; ಕುರ್ಚಿ ಕೊಟ್ಟರೂ ಗಿರಾಕಿ ಬಾಗಿಲು ದಾಟುವ ಮೊದಲೇ ಎದ್ದು "ಕೂತ್ಕಳಿ, ಕೂತ್ಕಳಿ" ಎನ್ನುವರು. ಜನ್ಮವೆಲ್ಲ ಬೇರೆಯವರನ್ನು ಕೂರಿಸಿ ತಾವು ನಿಂತು ಪಳಗಿದ ಕಾಲು.

ಒಂದು ದಿನ ಕೇಳಿದರು, "ಇಷ್ಟೊಂದ್ ಕಂಪ್ಯೂಟ್ರು ಅವಲ್ಲ, ಯಾವ್ದು ಕೇಳಿದ್ದು ಯಾವ್ದುಕ್ ಬರ್ಬೇಕು ಅಂತ ಎಂಗವ್ವ ಗೊತ್ತಾಯ್ತದೆ?"

"ಒಂದೊಂದಕ್ಕೂ ಒಂದೊಂದು ನಂಬರ್ ಇರ್ತದೆ ಮಾವ, ಮನೆ ನಂಬರ್ ಇದ್ದಂಗೆ. ಅದಕ್ಕೆ ಐಪಿ ಅಡ್ರೆಸ್ ಅಂತಾರೆ."

"ಯಾರ್ ಕೊಡ್ತಾರೆ?"

ನನ್ನ ಮೇಜಿನ ಕೆಳಗೆ ಗುರ್ರೆನ್ನುತ್ತಿದ್ದ ಹಳೇ ಡಬ್ಬವನ್ನು ತೋರಿಸಿದೆ. ನಂಬರು ಹಂಚುವುದು ಅದರ ಕೆಲಸವಾಗಿತ್ತು. "ಇದು ಕಂಡಕ್ಟರ್. ಬೆಳಿಗ್ಗೆ ಯಾವ ಕಂಪ್ಯೂಟರ್ ಆನ್ ಮಾಡಿದ್ರೂ ಅದು ಇದನ್ನ ಕೇಳ್ತದೆ, ನಂಗೊಂದು ಸೀಟ್ ಕೊಡು ಅಂತ. ಇದು ಖಾಲಿ ಇರೋ ನಂಬರ್ ನೋಡಿ ಕೊಡ್ತದೆ, ಇಂತಿಷ್ಟು ಹೊತ್ತಿಗೆ ಅಂತ. ವಾಯಿದೆ ಮುಗಿಯೋ ಮುಂಚೆ ಅದು ಮತ್ತೆ ಕೇಳಿ ಟಿಕೆಟ್ ಮುಂದುವರಿಸ್ಕೋಬೇಕು. ಆಫ್ ಆಗಿ ಸುಮಾರು ದಿನ ಬರ್ಲಿಲ್ಲ ಅಂದ್ರೆ ಆ ನಂಬರನ್ನ ಬೇರೆಯವರಿಗೆ ಕೊಟ್ಬಿಡ್ತದೆ."

ಮಾವ ಬಗ್ಗಿ ಡಬ್ಬವನ್ನು ಬಹಳ ಗೌರವದಿಂದ ನೋಡಿದರು. "ನ್ಯಾಯವಾದ್ ಕಂಡಕ್ಟ್ರು. ಟವಲ್‌ಗಿವಲ್ ಹಾಕಿದ್ರೆ ಬುಡಾಕಿಲ್ವಾ?"

ಟವಲ್ ಎಂದರೆ ಮಾವನಿಗೆ ರಕ್ತ ಕುದಿಯುತ್ತಿತ್ತು. ಬಸ್ಸು ಸ್ಟ್ಯಾಂಡಿಗೆ ತಿರುಗುವುದೇ ತಡ, ಕಿಟಕಿಯಿಂದ ಟವಲ್ ಎಸೆದು ಸೀಟು ಹಿಡಿಯುವುದು ನಮ್ಮ ಕಡೆಯ ಹುಟ್ಟುಗುಣ. ಟವಲ್ ಬಿದ್ದ ಸೀಟಿನ ಮೇಲೆ ಬೇರೆಯವರು ಕೂತರೆ ತಲೆ ಒಡೆಯುವಷ್ಟು ಜಗಳ. ಮಾವ ತಮ್ಮ ಬಸ್ಸಿನಲ್ಲಿ ಮಾತ್ರ ಅದಕ್ಕೆ ಬೆಲೆ ಕೊಡಲಿಲ್ಲ. ಟವಲನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಯಾರ್ದಪ್ಪಾ ಇದು? ಟವಲ್‌ಗೂ ಒಂದ್ ಟಿಕೆಟ್ ತಗಳಿ" ಎಂದು ಕೂಗುತ್ತಿದ್ದರಂತೆ. ಒಮ್ಮೆ ಒಬ್ಬ ಬಾಣಂತಿಗೆ ಸೀಟು ಕೊಡಲು ಮೂಗೂರಿನ ಬೆಲ್ಲದ ವ್ಯಾಪಾರಿ ಪುಟ್ಟಬಸವಯ್ಯನವರ ಟವಲ್ ಎತ್ತಿ ಅವರ ಹೆಗಲಿಗೇ ಹಾಕಿದರಂತೆ. ಪುಟ್ಟಬಸವಯ್ಯ ಬೇರೆ ಯಾರೂ ಅಲ್ಲ, ಮಾವನ ಸ್ವಂತ ಸೋದರಮಾವ. ಸಾಯುವವರೆಗೂ ಅವರು ಮಾತಾಡಿಸಲಿಲ್ಲ. "ಸೋದರಮಾವುಂದಾದ್ರೂ ಟವಲ್ ಟವಲ್ಲೇ" ಎಂದು ಈಗಲೂ ಮಾವನ ತೀರ್ಪು.

ಮಾವನನ್ನು ಅಂಗಡಿಯಲ್ಲಿ ಕೂರಿಸುವುದಕ್ಕೆ ನಾನೊಂದು ಉಪಾಯ ಹುಡುಕಿದೆ. ಗಿರಾಕಿಗಳು ಯಾರೂ ಮುಟ್ಟದ ಒಂದು ಮುದಿ ಕಂಪ್ಯೂಟರ್ ಮೂಲೆಯಲ್ಲಿತ್ತು. ಅದನ್ನು ಅವರಿಗೆ ಒಪ್ಪಿಸಿ, ಕನ್ನಡ ಟೈಪಿಂಗ್ ಕಲಿಸಿ, "ನಂಜನಗೂಡಿನ ಬಸ್ ಟೈಮ್ ಎಲ್ಲ ಹೊಡೀರಿ ಮಾವ, ಜನಕ್ಕೆ ಉಪಯೋಗ ಆಗ್ತದೆ" ಎಂದೆ. ಮೊದಲ ದಿನ ಅರ್ಧ ಸಾಲು. ಒಂದು ವಾರದಲ್ಲಿ ಬೆರಳು ಓಡತೊಡಗಿತು. ಅದು ಸ್ಟ್ಯಾಂಡಿನ ಬೋರ್ಡಿನಲ್ಲಿರುವಂಥ ಪಟ್ಟಿಯಲ್ಲ. "ಹುಲ್ಲಹಳ್ಳಿ: ಬೋರ್ಡಿನಲ್ಲಿ ಆರೂಕಾಲು. ಡ್ರೈವರ್ ಟೀ ಕುಡಿದು ಹತ್ತಿದ ಮೇಲೆ ಹೊರಡುತ್ತದೆ. ಓಡಬೇಡಿ." "ತಾಂಡವಪುರದವರು ಮೈಸೂರು ಎಕ್ಸ್‌ಪ್ರೆಸ್ ಹತ್ತಬೇಡಿ, ನಿಲ್ಲುವುದಿಲ್ಲ. ಕೇಳಿ ಹತ್ತಿ." ಹೀಗೆ.

ಆ ಪಟ್ಟಿಯನ್ನು ನಾನು ಮಾವನ ಕಂಪ್ಯೂಟರಿನಲ್ಲೇ ಒಂದು ವೆಬ್ ಪುಟ ಮಾಡಿ ಇಟ್ಟೆ. ಅಂಗಡಿಯ ಯಾವ ಕಂಪ್ಯೂಟರಿನಲ್ಲಿ ಕೂತವರಾದರೂ ಮಾವನ ಕಂಪ್ಯೂಟರಿನ ನಂಬರು ಹೊಡೆದರೆ ಪಟ್ಟಿ ತೆರೆದುಕೊಳ್ಳುತ್ತಿತ್ತು. ನಂಬರಿನ ಮುಂಭಾಗ ಎಲ್ಲಕ್ಕೂ ಒಂದೇ, ಕೊನೆಯದು ಮಾತ್ರ ಬೇರೆ ಬೇರೆ. ಮಾವನದಕ್ಕೆ ಆಗ ಸಿಕ್ಕಿದ್ದು ನೂರಾ ಹನ್ನೆರಡು. ಆ ನಂಬರನ್ನು ಚೀಟಿಗಳಲ್ಲಿ ಬರೆದು ಮಾವ ತಮ್ಮ ಕೈಯಾರೆ ಎಲ್ಲ ಮಾನಿಟರುಗಳಿಗೂ ಅಂಟಿಸಿದರು. ಗಿರಾಕಿಗಳು ಓದಿ ನಗುತ್ತಿದ್ದರು, ಬಸ್ಸನ್ನೂ ಹಿಡಿಯುತ್ತಿದ್ದರು. ಮಾವ ಅದನ್ನು ನೋಡುತ್ತ ಮೂಲೆಯ ಕುರ್ಚಿಯಲ್ಲಿ ಕೂತೇ ಇರುತ್ತಿದ್ದರು. ಕೂತೇ! ನಾನು ಗೆದ್ದೆ ಎಂದುಕೊಂಡೆ.

ಅಮಾವಾಸ್ಯೆ ಬಂತು. ಮಾವ ಕಂಪ್ಯೂಟರ್ ಆಫ್ ಮಾಡಿ, ಬ್ಯಾಗ್ ತೆಗೆದುಕೊಂಡು ನರಸೀಪುರಕ್ಕೆ ಹೋದರು. ಮಹಡಿಯ ಮೇಲಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟಿನವರಿಗೂ ನಾನೇ ನೆಟ್ ಕೊಟ್ಟಿದ್ದೆ, ಹಂಚುವುದಕ್ಕೆ ನಂಬರುಗಳು ಕಡಿಮೆಯಿದ್ದವು. ಹುಣ್ಣಿಮೆ ಕಳೆದು ಮಾವ ಬಂದು ಆನ್ ಮಾಡಿದರೆ ನೂರಾ ಹನ್ನೆರಡು ಬೇರೆಯವರ ಪಾಲಾಗಿತ್ತು. ಇವರಿಗೆ ಸಿಕ್ಕಿದ್ದು ನೂರಾ ಹದಿನೈದು. ಪಾಪ, ಹಳೇ ಚೀಟಿ ಕಿತ್ತು ಹೊಸ ಚೀಟಿ ಅಂಟಿಸಿದರು. ಮುಂದಿನ ಸಲ ನರಸೀಪುರದಿಂದ ಬಂದಾಗ ಮತ್ತೆ ಬೇರೆ ನಂಬರು, ಮತ್ತೆ ಚೀಟಿ.

"ಬಂದಾಗೆಲ್ಲ ಎಲ್ ಖಾಲಿ ಅದೋ ಅಲ್ ಕೂತ್ಕಳಾದು" ಎಂದರು ಮೂರನೇ ಸಲ. ನಗುತ್ತಲೇ ಅಂದರು. ಆದರೆ ಚೀಟಿಯ ಅಂಟು ಉಜ್ಜುತ್ತಿದ್ದ ಬೆರಳು ಸುಮ್ಮನೆ ಅಲ್ಲೇ ನಿಂತಿತ್ತು.

ಅದೇ ವಾರ ನಾನು ಪ್ರಿಂಟರ್ ಸಿಕ್ಕಿಸಿದ್ದ ಕಂಪ್ಯೂಟರಿಗೆ ಕಾಯಂ ನಂಬರು ಕೊಡುತ್ತಿದ್ದೆ. ಅದರ ನೆಟ್‌ವರ್ಕಿನ ಕಡತ ತೆರೆದು, 'ಕೇಳಿ ಪಡೆ' ಎಂಬ ಅರ್ಥದ ಡಿಎಚ್‌ಸಿಪಿ ಎಂದಿದ್ದ ಕಡೆ ಸ್ಟ್ಯಾಟಿಕ್ ಎಂದು ಬರೆದು, ಕೆಳಗೆ ನಂಬರು ಹಾಕಿದೆ. ಮಾವ ಹಿಂದೆ ನಿಂತು ನೋಡುತ್ತಿದ್ದರು.

"ಅದೊಂದ್ಕೇ ಯಾಕವ್ವ ಕಾಯಂ?"

"ಎಲ್ರೂ ಇದನ್ನ ಹುಡುಕ್ಕೊಂಡು ಬರ್ಬೇಕಲ್ಲ ಮಾವ. ದಿನಾ ಮನೆ ಬದಲಾಯಿಸ್ತಿದ್ರೆ ಸಿಗೋದು ಹೇಗೆ?"

ಅಷ್ಟರಲ್ಲಿ ಯಾರೋ ರೆಸ್ಯೂಮ್ ಪ್ರಿಂಟ್ ತೆಗೆಸಲು ಬಂದರು, ನಾನು ಎದ್ದುಹೋದೆ. ಆ ಕಾಯಂ ನಂಬರು ಕಂಡಕ್ಟರ್ ಹಂಚುವ ಪಟ್ಟಿಯ ಹೊರಗಿನದು, ಒಳಗಿನದನ್ನು ಹಾಗೆ ಇಟ್ಟುಕೊಳ್ಳಬಾರದು ಎಂಬ ಮಾತು ಮಾವನ ಕಿವಿಗೆ ಬೀಳಲೇ ಇಲ್ಲ.

ನಾನಿಲ್ಲದಾಗ ಮಾವ ನೋಡಿದ್ದನ್ನು ನೋಡಿದ ಹಾಗೆಯೇ ಮಾಡಿದರು; ನನಗೆ ಅದು ಗೊತ್ತಾದದ್ದು ಆಮೇಲೆ. ಪಾಸ್‌ವರ್ಡ್ ನಂಜುಂಡೇಶನ ಹುಟ್ಟಿದ ತಾರೀಕು. ಅದು ನನಗಿಂತ ಮೊದಲು ಗೊತ್ತಿದ್ದದ್ದು ಅವರಿಗೇ. ತಮ್ಮ ಕಂಪ್ಯೂಟರಿನ ಕಡತದಲ್ಲಿ ಸ್ಟ್ಯಾಟಿಕ್ ಎಂದು ಬರೆದು, ನೂರಾ ಹದಿನೆಂಟು ಎಂದು ಹಾಕಿಕೊಂಡರು. ಅದು ಸರ್ವೀಸಿನ ಉದ್ದಕ್ಕೂ ಅವರ ಎದೆಯ ಮೇಲಿದ್ದ ಬ್ಯಾಡ್ಜಿನ ನಂಬರು. ಹೊಸ ಚೀಟಿ ಅಂಟಿಸುವಾಗ ಈ ಸಲ ಮೇಲಿಂದ ಸೆಲೋ ಟೇಪನ್ನೂ ಹಚ್ಚಿದ್ದರು. ಏನು ಮಾವ ಇಷ್ಟು ಭದ್ರ ಎಂದರೆ, "ಇನ್ ಬದ್ಲಾಗಾಕಿಲ್ಲ ಕಣವ್ವ" ಎಂದು ಮೀಸೆಯಡಿ ನಕ್ಕರು. ನಾನೂ ನಕ್ಕು ಸುಮ್ಮನಾದೆ. ಆಮೇಲೆ ಅಮಾವಾಸ್ಯೆ ಬಂತು, ಕಂಪ್ಯೂಟರ್ ಆಫ್ ಆಯಿತು, ಮಾವನೂ ಬ್ಯಾಗೂ ನರಸೀಪುರದ ಬಸ್ಸು ಹತ್ತಿದರು.

ಅವರು ಹಿಂತಿರುಗಿ ಬಂದ ಮಾರನೆಯ ದಿನ ಅಂಗಡಿ ತುಂಬಿತ್ತು. ತಾಂಡವಪುರದ ಶೃತಿ ಎಂಬ ಹುಡುಗಿ ತಾಯಿ ಮಂಚಮ್ಮನ ಜೊತೆ ಬಂದು ಎರಡನೇ ಕಂಪ್ಯೂಟರಿನಲ್ಲಿ ಕೂತಿದ್ದಳು. ನರ್ಸಿಂಗ್ ಕಾಲೇಜಿನ ಅರ್ಜಿ, ಅಂದೇ ಕೊನೆಯ ದಿನ. ಅರ್ಜಿಯ ಮುಕ್ಕಾಲು ತುಂಬಿದಳು, ನೆಟ್ ನಿಂತಿತು. ಮತ್ತೆ ಮೊದಲಿಂದ ತುಂಬಿದಳು, ಮತ್ತೆ ನಿಂತಿತು. ಅಕ್ಕಪಕ್ಕದವರದು ಚೆನ್ನಾಗಿ ಓಡುತ್ತಿದೆ, ಇವಳದು ಮಾತ್ರ ಬರುತ್ತದೆ, ಹೋಗುತ್ತದೆ. ಬೇರೆ ಕಂಪ್ಯೂಟರ್ ಒಂದೂ ಖಾಲಿಯಿಲ್ಲ. ಹುಡುಗಿಯ ಕಣ್ಣಲ್ಲಿ ನೀರು ತುಂಬಿತು.

"ನಮ್ ಎಣ್ಣು ಕೂತ್ ಕಡೇನೇ ಇಂಗ್ ಆಗ್ಬೇಕಾ ತಾಯಿ?" ಎಂದರು ಮಂಚಮ್ಮ. "ಬಸ್ಸಲ್ಲೂ ನಾವ್ ಕೂತಿದ್ ಸೀಟಿನ ಕಿಟಕೀನೇ ಮುಚ್ಚಾಕಿಲ್ಲ."

ವೈರ್ ಬದಲಿಸಿದೆ. ಇಲ್ಲ. ಕಂಪ್ಯೂಟರನ್ನೇ ಆಫ್ ಮಾಡಿ ಆನ್ ಮಾಡಿದೆ. ಇಲ್ಲ. ಮೇಜಿನ ಕೆಳಗಿನ ಡಬ್ಬದಲ್ಲಿ ಯಾರಿಗೆ ಯಾವ ನಂಬರು ಕೊಟ್ಟಿದೆ ನೋಡಿದೆ. ಶೃತಿಯ ಕಂಪ್ಯೂಟರಿಗೆ ನೂರಾ ಹದಿನೆಂಟು, ಲಕ್ಷಣವಾಗಿ ಬರೆದಿದೆ. ಹಾಗಾದರೆ ತೊಂದರೆಯೇನು ಎಂದು ನನ್ನ ಕಂಪ್ಯೂಟರಿನಿಂದ ಆ ನಂಬರನ್ನು ಹೊಡೆದೆ.

ಪರದೆಯ ಮೇಲೆ ಹುಲ್ಲಹಳ್ಳಿ ಬಸ್ಸಿನ ಟೈಮು ತೆರೆದುಕೊಂಡಿತು.

ನಾನು ಒಂದು ಕ್ಷಣ ಬಾಯಿಬಿಟ್ಟುಕೊಂಡು ನೋಡಿದೆ. ಆಮೇಲೆ ಮಾನಿಟರಿನ ಚೀಟಿ ನೋಡಿದೆ, ಸೆಲೋ ಟೇಪ್ ನೋಡಿದೆ, ಮೂಲೆಯಲ್ಲಿ ಶಾಂತವಾಗಿ ಟೈಪ್ ಮಾಡುತ್ತಿದ್ದ ಮಾವನನ್ನು ನೋಡಿದೆ. ಮಾವ ನರಸೀಪುರದಲ್ಲಿದ್ದಾಗ ನೂರಾ ಹದಿನೆಂಟು ಖಾಲಿಯಿದೆಯೆಂದು ಡಬ್ಬ ಅದನ್ನು ಎರಡನೇ ಕಂಪ್ಯೂಟರಿಗೆ ಕೊಟ್ಟಿದೆ. ಮಾವ ಬಂದವರು ಯಾರನ್ನೂ ಕೇಳದೆ ಅದೇ ಸೀಟಿನ ಮೇಲೆ ಕೂತಿದ್ದಾರೆ. ಒಂದೇ ಸೀಟು, ಇಬ್ಬರು.

"ಮಾವಾ!" ನನ್ನ ಗಂಟಲು ಮೊದಲೇ ದೊಡ್ಡದು. "ನೀವು ಟವಲ್ ಹಾಕಿದ್ದೀರಾ?"

ಅಂಗಡಿಯವರೆಲ್ಲ ತಿರುಗಿ ನೋಡಿದರು. ಅವರಿಗೇನೂ ಅರ್ಥವಾಗಲಿಲ್ಲ. ಮಾವನಿಗೆ ಅರ್ಥವಾಯಿತು. ಮೆಲ್ಲನೆ ಎದ್ದು ನಿಂತರು. ನಂಬರು ಬರೆದುಕೊಂಡದ್ದನ್ನು ನಾನು ಕೇಳುವ ಮೊದಲೇ ಹೇಳಿದರು. ಹೇಳಿ, ತಮ್ಮ ಕೈಯಿಂದಲೇ ಕಂಪ್ಯೂಟರಿನ ವೈರ್ ಕಿತ್ತರು. ಶೃತಿಯ ನೆಟ್ ಓಡತೊಡಗಿತು. ಅರ್ಜಿ ಹೋಯಿತು, ಪ್ರಿಂಟೂ ಬಂತು. ಮಂಚಮ್ಮ ನನ್ನ ಗಲ್ಲ ಸವರಿ ಹೋದರು. ಮಾವ ಬಾಗಿಲವರೆಗೆ ಹೋಗಿ, "ಎಕ್ಸ್‌ಪ್ರೆಸ್ ಅತ್ಬೇಡಿ ಕಣವ್ವ, ಹಿಂದ್ಗಡೆದು ಅತ್ತಿ" ಎಂದು ಹೇಳಿ ಬಂದರು. ಬಂದು ಕೂರಲಿಲ್ಲ. ನಿಂತರು.

ಸಂಜೆ ಮನೆಗೆ ಬಂದರೆ ಮೊಳೆಯ ಮೇಲೆ ಬ್ಯಾಗಿಲ್ಲ. ಮಾವ ನಡುಮನೆಯಲ್ಲಿ ಅದನ್ನು ಕಾಲ ಬಳಿ ಇಟ್ಟುಕೊಂಡಿದ್ದರು.

"ನಾಳೆ ಓಯ್ತೀನಿ ಕಣವ್ವ."

"ನಿನ್ನೆ ತಾನೇ ಬಂದಿದ್ದೀರಿ! ಅಮಾವಾಸ್ಯೆ ಎಲ್ಲಿ, ನೀವೆಲ್ಲಿ?"

"ಆ ಎಣ್ಣ್‌ಮಗ ಕಣ್ಣೀರಾಕ್ತು ನನ್ನಿಂದ. ನಿನ್ ಅಂಗ್ಡಿ ಹೆಸ್ರು ಓಗ್ಬುಡ್ತಿತ್ತು. ಟವಲ್ ಎತ್ತಿ ಬಿಸಾಕ್ಕಂಡೇ ಸರ್ವೀಸ್ ಮುಗಿಸ್ದೋನು ನಾನು, ನಾನೇ ಟವಲ್ ಹಾಕ್ಬುಟ್ನಲ್ಲ. ನಮ್ ಸೋದರಮಾವ ಮ್ಯಾಲೆ ಕೂತ್ಕಂಡು ನಗ್ತಾ ಅವನೆ."

ಇಷ್ಟಕ್ಕೆ ನಿಲ್ಲಿಸಿದ್ದರೆ ನಾನು ಗದರಿ ಮುಗಿಸುತ್ತಿದ್ದೆ. ಅವರು ಬ್ಯಾಗಿನ ಹೊಲಿಗೆ ಹಾಕಿದ ಹಿಡಿಯನ್ನು ಸವರುತ್ತ ಮುಂದುವರಿಸಿದರು. "ಓಗಿ ಬಂದಾಗೆಲ್ಲ ನನ್ ನಂಬರ್ನಾಗೆ ಬ್ಯಾರೆ ಯಾರೋ ಕೂತಿರ್ತಿದ್ರು. ಕೂತ್ಕಳ್ಲಿ, ತಪ್ಪಲ್ಲ. ಆದ್ರೂ ಒಂದ್ ಕಡೆ, ಆ ಡಬ್ಬದಾಗಾದ್ರೂ, ಇದು ಶಿವಮಲ್ಲಪ್ಪುಂದು ಅಂತ ಇರ್ಲಿ ಅನ್ನುಸ್ತು. ರುದ್ರಾಣಿ ಓದ್ಮ್ಯಾಲೆ ಅಂಗ್ ಅನ್ಸಿದ್ದು ಇದೇ ಮೊದ್ಲು."

ನನಗೆ ಅಳು ಬಂತು. ನನಗೆ ಅಳು ಬಂದರೆ ಅದು ಕೋಪವಾಗಿಯೇ ಹೊರಬೀಳುವುದು. ಬ್ಯಾಗನ್ನು ಕಿತ್ತುಕೊಂಡೆ. "ಏಳಿ ಮಾವ. ಅಂಗಡಿಗೆ ನಡೀರಿ."

"ಈಗ್ಲಾ?"

"ಈಗ್ಲೇ. ಮಂಡಿ ನೋವಿದ್ರೆ ಹೇಳಿ, ಆಟೋ ಕರೀತೀನಿ. ಬರಲ್ಲ ಅಂತ ಮಾತ್ರ ಹೇಳ್ಬೇಡಿ."

ಮುಚ್ಚಿದ ಅಂಗಡಿಯ ಬಾಗಿಲು ಮತ್ತೆ ತೆಗೆದೆ. ಮಾವನನ್ನು ನನ್ನ ಕುರ್ಚಿಯಲ್ಲೇ ಕೂರಿಸಿ, ಬ್ಯಾಗನ್ನು ಮೇಜಿನ ಮೇಲಿಟ್ಟು, ಅವರ ಕಂಪ್ಯೂಟರಿನ ಕಡತ ತೆರೆದು ಸ್ಟ್ಯಾಟಿಕ್ ಎಂಬುದನ್ನು ಅಳಿಸಿದೆ. ಮಾವ ಮುಖ ತಿರುಗಿಸಿಕೊಂಡರು.

"ನೋಡಿ ಮಾವ. ಸೀಟ್ ಬೇಕು ಅಂದಿದ್ದು ತಪ್ಪಲ್ಲ. ಕಂಡಕ್ಟರ್‌ಗೆ ಹೇಳದೆ ಟವಲ್ ಹಾಕಿದ್ದು ತಪ್ಪು. ನೀವಿಲ್ಲದಾಗ ಆ ಸೀಟ್ ನಿಮ್ದು ಅಂತ ಅದಕ್ಕೆ ಹೇಗೆ ಗೊತ್ತಾಗ್ಬೇಕು?"

ಆಮೇಲೆ ಮೇಜಿನ ಕೆಳಗಿನ ಡಬ್ಬದ ಕಡತ ತೆರೆದೆ. ಪ್ರತಿ ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡಿಗೂ ಹುಟ್ಟುವಾಗಲೇ ಒಂದು ಗುರುತು ಇರುತ್ತದೆ, ಮೈಮೇಲಿನ ಮಚ್ಚೆಯ ಹಾಗೆ. ಒಂದರದು ಇನ್ನೊಂದಕ್ಕಿರುವುದಿಲ್ಲ ಎಂದು ಹೇಳಿದೆ. ಮಾವನ ಕಂಪ್ಯೂಟರಿನ ಆ ಗುರುತನ್ನು ಅವರೇ ಓದಿ ಹೇಳಿದರು, ನಾನು ಬರೆದೆ: ಈ ಮಚ್ಚೆಯವನು ಬಂದು ಕೇಳಿದರೆ ನೂರಾ ಹದಿನೆಂಟನ್ನು ಕೊಡು. ಬೇರೆಯವರಿಗೆ ಹಂಚುವ ಪಟ್ಟಿಯನ್ನು ನೂರಾ ಹದಿನೇಳಕ್ಕೇ ನಿಲ್ಲಿಸಿದೆ. ಹೆಸರು ಕೇಳುವ ಜಾಗದಲ್ಲಿ ಶಿವಮಲ್ಲಪ್ಪ ಎಂದು ಬರೆದೆ.

ಮಾವ ಕನ್ನಡಕ ಸರಿಮಾಡಿಕೊಂಡು ಓದಿದರು. "ಅಂದ್ರೆ ನಮ್ ಕಂಡಕ್ಟರ್ ಸೀಟಿದ್ದಂಗೆ."

"ಹೂಂ."

"ನನ್ ಕಂಪ್ಯೂಟ್ರು ಇನ್ನೂ ಕೇಳ್ಬೇಕಾ, ಸೀಟ್ ಕೊಡು ಅಂತ?"

"ಕೇಳ್ತದೆ. ಅದು ಮರ್ಯಾದೆ. ಆದ್ರೆ ಯಾವಾಗ ಕೇಳಿದ್ರೂ ಉತ್ತರ ಒಂದೇ."

"ಹದ್ನೈದ್ ದಿನ ಆಪಾಗಿದ್ರೂ?"

"ವರ್ಷ ಆಫ್ ಆಗಿದ್ರೂ. ನೀವ್ ಎಲ್ಲಿಗಾದ್ರೂ ಹೋಗಿ ಮಾವ, ಮಗಳ ಮನೆಗೆ ಹೋಗಿ, ಮೂಗೂರಿಗೆ ಹೋಗಿ. ಆ ಸೀಟ್ ಮೇಲೆ ಯಾರೂ ಕೂರಲ್ಲ. ಅದು ನಿಮ್ದು. ನಾನು ಕಂಪ್ಯೂಟರ್ ವಿಷ್ಯ ಒಂದೇ ಹೇಳ್ತಿಲ್ಲ."

ಮಾವ ಎದ್ದು ಮೂಲೆಗೆ ಹೋಗಿ, ತಾವು ಕಿತ್ತಿದ್ದ ವೈರನ್ನು ಮತ್ತೆ ಸಿಕ್ಕಿಸಿದರು. ಕಂಪ್ಯೂಟರನ್ನು ಆಫ್ ಮಾಡಿ ಆನ್ ಮಾಡಿದರು. ನೂರಾ ಹದಿನೆಂಟು ಬಂತು. ಮತ್ತೆ ಆಫ್, ಮತ್ತೆ ಆನ್, ಮತ್ತೆ ಅದೇ. ಇನ್ನೊಮ್ಮೆ ಮಾಡಲು ಹೋದಾಗ, "ಸಾಕು ಮಾವ, ಮುದುಕ ಅದು" ಎಂದು ತಡೆದೆ. ಮನೆಗೆ ನಡೆಯುವಾಗ ಬ್ಯಾಗನ್ನು ಅವರೇ ಹಿಡಿದುಕೊಂಡರು. ಮನೆ ಸೇರಿದ ಮೇಲೆ ಅದು ಮತ್ತೆ ಮೊಳೆಗೇ ಹೋಯಿತು. ನಾಳೆ ಹೋಗುವ ಮಾತು ನಿಂತಿತಲ್ಲ, ಅಷ್ಟಾದರೂ ಆಯಿತು ಎಂದು ಸಮಾಧಾನ ಮಾಡಿಕೊಂಡೆ.

ಅಮಾವಾಸ್ಯೆ ಕಳೆದ ಬೆಳಿಗ್ಗೆ ನಾನು ದೋಸೆ ಹುಯ್ಯುತ್ತಿದ್ದೆ. "ಓಗ್ಬುಟ್ ಬತ್ತೀನಿ ಕಣವ್ವ" ಎಂಬ ದನಿ ನಡುಮನೆಯಿಂದ ಬಂತು. ಮನಸ್ಸು ಮುದುಡಿತು; "ಹೂಂ, ಹುಷಾರು ಮೆಟ್ಟಿಲು" ಎಂದಷ್ಟೇ ಅಂದು ಕಾವಲಿಯತ್ತಲೇ ಮುಖ ಮಾಡಿಕೊಂಡಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಹೊರಗೆ ಬಂದು ನೋಡಿದರೆ ಮೊಳೆಯ ಮೇಲೆ ಬ್ಯಾಗು!

ಉಟ್ಟ ಬಟ್ಟೆಯಲ್ಲಿ ಹೋಗಿಬಿಟ್ಟರಲ್ಲ, ಅಲ್ಲಿ ಬದಲಾಯಿಸುವುದಕ್ಕೇನು ಮಾಡುತ್ತಾರೆ ಎಂದು ಬ್ಯಾಗನ್ನು ಎಳೆದುಕೊಂಡು ಓಡಿದೆ. ಕೈಯಲ್ಲಿ ದೋಸೆ ಹಿಟ್ಟು, ಕಾಲಲ್ಲಿ ನಂಜುಂಡೇಶನ ಚಪ್ಪಲಿ. ನರಸೀಪುರದ ಬಸ್ಸು ಎಂಜಿನ್ ಶುರು ಮಾಡಿ ಗಡಗಡ ಎನ್ನುತ್ತಿತ್ತು. ಮಾವ ಕಿಟಕಿಯ ಪಕ್ಕ ಕೂತಿದ್ದರು.

"ಮಾವ! ಬ್ಯಾಗ್ ಬಿಟ್ಟು ಬಂದಿದ್ದೀರ!" ಎಂದು ಏದುಸಿರು ಬಿಡುತ್ತ ಕಿಟಕಿಗೆ ಎತ್ತಿ ಹಿಡಿದೆ. ಎತ್ತಿದ ಮೇಲೆಯೇ ನನ್ನ ತೋಳಿಗೆ ತಿಳಿದದ್ದು. ಬ್ಯಾಗು ಹೂವಿನಷ್ಟು ಹಗುರವಾಗಿತ್ತು. ಜಿಪ್ ಎಳೆದು ನೋಡಿದೆ. ತಳದಲ್ಲಿ ಒಂದು ಹಳೇ ಟಿಕೆಟಿನ ಚೂರು ಬಿಟ್ಟರೆ ಏನೂ ಇರಲಿಲ್ಲ.

"ಬಟ್ಟೆ?"

"ಬೀರಿನಾಗ್ ಇಟ್ಟಿವ್ನಿ. ನುಸಿಗುಳ್ಗೆ ಮುಗ್ದೋಗದೆ, ಹೊಸುದ್ ಹಾಕು" ಎಂದರು ಮಾವ. "ಎರಡ್ ದಿನ ಮಂಗಳನ್ನ ನೋಡ್ಕಂಡು ಬತ್ತೀನಿ. ಅಲ್ಲೂ ಒಂದ್ ಪಂಚೆ ಅದೆ. ಮನೆಗ್ ತಿರುಗಿ ಬರೋನ್ಗೆ ಬ್ಯಾಗ್ ಯಾಕವ್ವ?"

ಬಸ್ಸು ಅಲುಗಿತು. ನಾನು ಖಾಲಿ ಬ್ಯಾಗನ್ನು ಎದೆಗವಚಿಕೊಂಡು ನಿಂತಿದ್ದೆ. ಸ್ಟ್ಯಾಂಡಿನ ತುಂಬ ಜನ. ಗಟ್ಟಿಯಾಗಿ ಅಳುವಂತಿಲ್ಲ, ಗಟ್ಟಿಯಾಗಿ ನಗುವಂತಿಲ್ಲ, ಎರಡೂ ಒಟ್ಟಿಗೇ ಬರುತ್ತಿದ್ದವು. ಮಾವ ಕಿಟಕಿಯಿಂದ ಕೈ ಚಾಚಿದರು.

"ಎಂಗೂ ತಂದಿದ್ದೀಯಲ್ಲ, ಕೊಡಿತ್ತ. ಮಂಗಳನ್ ಇತ್ಲಲ್ಲಿ ಬದ್ನೆಕಾಯಿ ಬಿಟ್ಟದೆ. ತುಂಬ್ಕಂಡ್ ಬತ್ತೀನಿ."